ಡ್ರಿಲ್ ಮಾಸ್ತರರ ಉನ್ನತ ಗಣಿತ

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಆ ಹೈಸ್ಕೂಲಿನ ಉನ್ನತ ಗಣಿತ ಡ್ರಿಲ್ ಮಾಸ್ತರರ ಕೊರಳಿಗೆ ಬಿತ್ತು.

ಅವರು ಬೇಡಿ ಪಡೆದದ್ದಲ್ಲ. ಇಡೀ ಶಾಲೆಯಲ್ಲಿ ಅದನ್ನು ಬೇಡಿದವಳು ಒಬ್ಬಳೇ ಹುಡುಗಿ, ಹಾಸಿಗೆ ಅಂಗಡಿಯವರ ಮಗಳು. ಅವಳಿಗೆ ಮನೆಯವರು ಇಟ್ಟ ಹೆಸರೊಂದು ಇತ್ತು, ಆದರೆ ಹಾಜರಿ ಕರೆಯುವಾಗ ಬಿಟ್ಟರೆ ಅದು ಬಳಕೆಗೆ ಬರುತ್ತಿರಲಿಲ್ಲ. ಚಿಕ್ಕ ತರಗತಿಯಲ್ಲಿದ್ದಾಗ ಟೀಚರು ಸೊನ್ನೆಯಿಂದ ಭಾಗಿಸಬಾರದು ಅಂದಿದ್ದರು. ಇವಳು ಎದ್ದು ನಿಂತು ಯಾಕೆ ಅಂದಿದ್ದಳು. ಬಾರದು ಅಂದ್ರೆ ಬಾರದು ಅಂತ ಟೀಚರು ಹೇಳಿದ ಮೇಲೂ ಕೂರದೆ ಮತ್ತೊಮ್ಮೆ ಯಾಕೆ ಅಂದಿದ್ದಳು. ಅವತ್ತಿನಿಂದ ಅವಳು ಯಾಕಮ್ಮ.

ಯಾಕಮ್ಮನಿಗೆ ದೊಡ್ಡ ಊರಿನ ಕಾಲೇಜಿಗೆ ಸೇರಿ ಗಣಿತ ಓದಬೇಕಿತ್ತು. “ಗಣಿತ ಓದಿ ಏನಾಗ್ತೀಯ?” ಅಂತ ಕೇಳಿದವರಿಗೆಲ್ಲ “ಗಣಿತ ಓದಿದವಳಾಗ್ತೀನಿ” ಅನ್ನುತ್ತಿದ್ದಳು. ಉದ್ಧಟತನದಿಂದ ಹೇಳುತ್ತಿದ್ದದ್ದಲ್ಲ, ಅವಳ ಮಟ್ಟಿಗೆ ಅದು ಪೂರ್ತಿ ಉತ್ತರವೇ ಆಗಿತ್ತು. ಆದರೆ ಆ ಕಾಲೇಜಿನವರದ್ದು ಒಂದು ಷರತ್ತು. ಅರ್ಜಿ ಹಾಕುವವರು ಹೈಸ್ಕೂಲಿನ ಕೊನೇ ವರ್ಷ ಉನ್ನತ ಗಣಿತ ಓದಿರಬೇಕು, ಓದಿಸಿದವರು ಅದಕ್ಕೆ ಸಹಿ ಹಾಕಬೇಕು. ಇವಳ ಶಾಲೆಯಲ್ಲಿದ್ದದ್ದು ಸಾದಾ ಗಣಿತ. ವಿಜ್ಞಾನವೂ ಸಾದಾ. ಆ ಶಾಲೆಯಲ್ಲಿ ಉನ್ನತವಾದದ್ದು ಅಂತ ಇದ್ದರೆ ಅದು ನೀರಿನ ಟ್ಯಾಂಕು ಒಂದೇ.

ಹೆಡ್ ಮೇಡಂ ಯಾರಿಗೂ ಇಲ್ಲ ಅನ್ನುವವರಲ್ಲ, ಹೂಂ ಅನ್ನುವವರೂ ಅಲ್ಲ. ಅವರ ಮಾತೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಯಾಕಮ್ಮ ಬಂದು ಕೇಳಿದಾಗಲೂ “ನೋಡೋಣ” ಅಂದರು. ಬೇರೆ ಮಕ್ಕಳು ಈ ಮಾತು ಕೇಳಿ ಹೋಗಿಬಿಡುತ್ತಿದ್ದರು. ಯಾಕಮ್ಮ “ಯಾವಾಗ ನೋಡೋಣ ಮೇಡಂ?” ಅಂತ ಅಲ್ಲೇ ನಿಂತಳು. ಮೇಡಂಗೆ ಗೋಡೆಯ ಮೇಲಿದ್ದ ವೇಳಾಪಟ್ಟಿ ನೋಡದೆ ಬೇರೆ ದಾರಿ ಉಳಿಯಲಿಲ್ಲ. ನೋಡಿದಾಗ ಕಣ್ಣಿಗೆ ಬಿದ್ದದ್ದು ಡ್ರಿಲ್ ಮಾಸ್ತರರ ಸಾಲು. ಅದು ಉದ್ದಕ್ಕೂ ಖಾಲಿಯಿತ್ತು.

ಖಾಲಿ ಇರುವುದಕ್ಕೆ ಮಾಸ್ತರರು ಕಾರಣರಲ್ಲ. ಶಾಲೆಗೆ ಹೊಸ ಪ್ರಯೋಗಾಲಯ ಕಟ್ಟುತ್ತೇವೆ ಅಂತ ಯಾರೋ ಬಂದು ಆಟದ ಮೈದಾನದ ತುಂಬ ಜಲ್ಲಿ, ಮರಳು, ಇಟ್ಟಿಗೆ ಸುರಿದು ಹೋಗಿದ್ದರು. ಸುರಿದವರು ಮತ್ತೆ ಬಂದಿರಲಿಲ್ಲ. ಮಕ್ಕಳನ್ನು ಓಡಿಸಲು ಜಾಗವಿಲ್ಲದೆ ಮಾಸ್ತರರು ಕ್ರೀಡಾ ಸಾಮಾನಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಚೆಂಡುಗಳಿಗೆ ಗಾಳಿ ತುಂಬಿಸುತ್ತ, ಮಾರನೆಯ ದಿನ ಅದು ಇಳಿದಿದೆಯೋ ಅಂತ ನೋಡುತ್ತ ಕಾಲ ಹಾಕುತ್ತಿದ್ದರು.

“ಮೇಡಂ, ನಾನು ಗಣಿತದಲ್ಲಿ ಪಾಸಾಗಿದ್ದು ಮೂರನೇ ಸಲಕ್ಕೆ” ಅಂದರು ಅವರು, ಮೇಡಂ ವಿಷಯ ಹೇಳಿದಾಗ.

“ಅಂದ್ರೆ ಬೇರೆಯವರಿಗಿಂತ ಮೂರು ಪಟ್ಟು ಓದಿದೀರಿ.”

“ಗಣಿತದ ಟೀಚರ್ ಇದಾರಲ್ಲ.”

“ಅವರಿಗೆ ದಿನಾ ಏಳು ಕ್ಲಾಸು. ಇನ್ನೊಂದು ಕೊಟ್ರೆ ದೀರ್ಘ ರಜೆ ಹಾಕ್ತೀನಿ ಅಂದಿದಾರೆ. ಹಾಕಿದ್ರೆ ಆ ಏಳೂ ನಿಮಗೇ ಬರುತ್ತೆ.”

ಮಾಸ್ತರರು ಒಂದನ್ನೇ ತೆಗೆದುಕೊಳ್ಳುತ್ತೇನೆ ಅಂದರು.

ಪಾಠಕ್ಕೆ ಬೇರೆ ಕೋಣೆ ಸಿಗಲಿಲ್ಲ. ಕ್ರೀಡಾ ಸಾಮಾನಿನ ಕೋಣೆಯಲ್ಲೇ ಹೈಜಂಪಿನ ಹಾಸು ಒಂದು ಕಡೆ ಸರಿಸಿ, ಒಂದು ಬೆಂಚು ಹಾಕಿ, ಕಾಲು ಮುರಿದ ಕಪ್ಪುಹಲಗೆಯನ್ನು ಹರ್ಡಲ್ಸಿನ ಚೌಕಟ್ಟಿಗೆ ಒರಗಿಸಿದರು. ಇಡೀ ಕೋಣೆಯಲ್ಲಿ ರಬ್ಬರಿನ ವಾಸನೆ. ಮೊದಲ ದಿನ ಯಾಕಮ್ಮ ಬೆಂಚಿನ ಮೇಲೆ, ಮಾಸ್ತರರು ಹಲಗೆಯ ಪಕ್ಕ. ಹಳೇ ಪುಸ್ತಕದಂಗಡಿಯಿಂದ ತಂದ ದಪ್ಪನೆಯ ಪುಸ್ತಕ ಇಬ್ಬರ ನಡುವೆ.

“ನೋಡಮ್ಮ, ಮೊದಲೇ ಹೇಳಿಬಿಡ್ತೀನಿ. ನನಗೆ ಇದು ಬರಲ್ಲ.”

“ಗೊತ್ತು ಸರ್.”

“ಯಾರು ಹೇಳಿದ್ರು?”

“ಎಲ್ಲರೂ.”

ಮಾಸ್ತರರು ತಲೆಯಾಡಿಸಿ ಮೊದಲ ಪುಟ ತೆಗೆದರು. ಅವರಿಗೆ ಗೊತ್ತಿದ್ದ ವಿದ್ಯೆ ಒಂದೇ: ಮೊದಲ ದಿನ ಯಾರನ್ನೂ ಹತ್ತು ಸುತ್ತು ಓಡಿಸಬಾರದು. ಹಾಗಾಗಿ ದಿನಕ್ಕೆ ಒಂದೇ ಪುಟ ಅಂತ ಗೊತ್ತು ಮಾಡಿದರು. ಮೊದಲ ವಾರ ಆ ಒಂದು ಪುಟವೂ ಮುಗಿಯುತ್ತಿರಲಿಲ್ಲ. ಕುರುಡನ ಕೈಯನ್ನು ಕುರುಡ ಹಿಡಿದು ನಡೆದ ಹಾಗೆ ಇಬ್ಬರೂ ಸಾಲಿನಿಂದ ಸಾಲಿಗೆ ತಡವಿಕೊಂಡು ಹೋದರು. ಒಂದು ಕಡೆ, ಮೇಲಕ್ಕೆಸೆದ ಚೆಂಡು ಹೋಗುವ ದಾರಿಗೆ ಪರವಲಯ ಅನ್ನುತ್ತಾರೆ ಅಂತಿತ್ತು. ಯಾಕಮ್ಮ ಆಸೆಯಿಂದ ಅವರ ಮುಖ ನೋಡಿದಳು. ಅರ್ಧ ಆಯುಷ್ಯ ಚೆಂಡು ಎಸೆಯುತ್ತ ಕಳೆದಿದ್ದ ಮಾಸ್ತರರಿಗೆ ಆ ಮಾತಿನಿಂದ ಎಳ್ಳಷ್ಟೂ ಉಪಯೋಗವಾಗಲಿಲ್ಲ. ಚೆಂಡು ಎತ್ತ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಹೋಗುವಾಗ ಅದು ಸಮೀಕರಣ ಬಿಡಿಸುತ್ತ ಹೋಗುತ್ತದೆ ಅಂತ ಗೊತ್ತಿರಲಿಲ್ಲ.

ಪುಸ್ತಕದ ಕೊನೆಯಲ್ಲಿ ಉತ್ತರಗಳಿದ್ದವು, ಆದರೆ ಬೆಸ ಸಂಖ್ಯೆಯ ಲೆಕ್ಕಗಳಿಗೆ ಮಾತ್ರ. ಒಂದು, ಮೂರು, ಐದು, ಏಳಕ್ಕೆ ಉತ್ತರ ಉಂಟು. ಎರಡು, ನಾಲ್ಕು, ಆರಕ್ಕೆ ಇಲ್ಲ. ಯಾಕೆ ಅಂತ ಯಾಕಮ್ಮ ಕೇಳಿದಳು. ಪುಸ್ತಕ ಬರೆದವರಿಗೂ ಸಮ ಸಂಖ್ಯೆಯದ್ದು ಬರುತ್ತಿರಲಿಲ್ಲವೇನೋ ಅಂದರು ಮಾಸ್ತರರು. ಮೊದಮೊದಲು ಇಬ್ಬರೂ ಬೆಸ ಸಂಖ್ಯೆಯವನ್ನೇ ಮಾಡಿದರು. ಆಮೇಲೆ ಯಾಕಮ್ಮನೇ ಒಂದು ದಾರಿ ಹುಡುಕಿದಳು. ಸಮ ಸಂಖ್ಯೆಯ ಲೆಕ್ಕವನ್ನು ಇಬ್ಬರೂ ಬೇರೆಬೇರೆಯಾಗಿ, ಒಬ್ಬರ ಕಡೆ ಒಬ್ಬರು ಬೆನ್ನು ಮಾಡಿ ಬಿಡಿಸುವುದು. ಉತ್ತರ ಒಂದೇ ಬಂದರೆ ಸರಿ ಅಂತ ಇಟ್ಟುಕೊಳ್ಳುವುದು. ಬೇರೆ ಬಂದರೆ ಜಗಳ ಆಡುವುದು.

ಜಗಳ ಆಡಿಯೇ ಅವರು ಗಣಿತ ಕಲಿತರು ಅಂದರೂ ನಡೆದೀತು. ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರು ಎರಡು ಸಲ ಬಂದು, “ಇಲ್ಲಿ ಯುದ್ಧ ನಡೀತಿದ್ರೆ ನಮ್ಮ ಯುದ್ಧ ಯಾರಿಗೂ ಕೇಳಿಸಲ್ಲ” ಅಂತ ದೂರು ಕೊಟ್ಟು ಹೋದರು.

ಮಾಸ್ತರರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಗಂಡ ಪಾತ್ರೆ ತೊಳೆಯುತ್ತ ತುಟಿ ಅಲ್ಲಾಡಿಸುವುದನ್ನು, ಹೊದಿಕೆ ಮಡಚುವಾಗ ಅರ್ಧಕ್ಕೆ ನಿಂತು ಗೋಡೆ ನೋಡುವುದನ್ನು ಕೆಲವು ದಿನ ಗಮನಿಸಿದರು. ಆಮೇಲೆ ಹಣೆಯ ಮೇಲೆ ಕೈ ಇಟ್ಟು ನೋಡಿದರು.

“ಜ್ವರ ಇಲ್ಲ” ಅಂದರು.

“ಏಳನೇ ಲೆಕ್ಕ ಕಣೇ. ಉತ್ತರ ಹಿಂದುಗಡೆ ಇದೆ, ದಾರಿ ಮಾತ್ರ ಸಿಗ್ತಿಲ್ಲ.”

“ಆ ಹುಡುಗಿಗೆ ಸಿಕ್ತಾ?”

“ಬೆಳಿಗ್ಗೆನೇ ಸಿಕ್ತು.”

“ಅವಳನ್ನೇ ಕೇಳಿ ಮತ್ತೆ.”

ಮಾಸ್ತರರು ಹೊದಿಕೆ ಎತ್ತಿಕೊಂಡು ಮಡಚತೊಡಗಿದರು. ಆ ಪಾಠ ಶುರುವಾದಾಗ ಅವರು ಅವಳಿಗಿಂತ ಒಂದು ಪುಟ ಮುಂದಿದ್ದರು. ಆಮೇಲೆ ಇಬ್ಬರೂ ಜೊತೆಗೆ ಬಂದರು. ಈಗ ಅವಳು ಮುಂದೆ ಹೋಗುತ್ತಿದ್ದಳು. ಓಟದಲ್ಲಿ ಎಷ್ಟೋ ಜನರನ್ನು ಅವರು ಮುಂದೆ ಬಿಟ್ಟವರು, ಅದು ಅವರ ಉದ್ಯೋಗವೇ. ತಾನು ಓಡಿಸಿದ ಹುಡುಗರು ತನ್ನನ್ನು ದಾಟಿ ಹೋದಾಗ ಸೀಟಿ ಊದಿ ಖುಷಿಪಟ್ಟವರು. ಇಲ್ಲಿ ಮಾತ್ರ ಖುಷಿಯಾಗಲಿಲ್ಲ. ಅದು ಹೊಟ್ಟೆಕಿಚ್ಚು ಅಂತ ಗುರುತು ಹಿಡಿಯಲು ಎರಡು ದಿನ ಬೇಕಾಯಿತು, ಯಾಕೆಂದರೆ ಗಣಿತದ ವಿಷಯದಲ್ಲಿ ತನಗೆ ಹೊಟ್ಟೆಕಿಚ್ಚಾದೀತು ಅಂತ ಅವರು ಕನಸಲ್ಲೂ ಎಣಿಸಿರಲಿಲ್ಲ. ಹೊಟ್ಟೆಕಿಚ್ಚು ಬರಬೇಕಾದರೆ ಆ ವಸ್ತು ತನಗೂ ಬೇಕು ಅನಿಸಿರಬೇಕಲ್ಲ. ಇದನ್ನು ಅವರು ಯಾರಿಗೂ ಹೇಳಲಿಲ್ಲ.

ಒಂದು ದಿನ ಹಾಸಿಗೆ ಅಂಗಡಿಯವರೇ ಶಾಲೆಗೆ ಬಂದರು. ತಲೆಗೂದಲಲ್ಲಿ ಹತ್ತಿಯ ಎಳೆ, ಕಿವಿಯ ಹಿಂದೆ ದಪ್ಪ ಸೂಜಿ. ಬಂದವರು ಮೊದಲು ಮೂಲೆಯಲ್ಲಿದ್ದ ಹೈಜಂಪಿನ ಹಾಸನ್ನು ಕೈಯಿಂದ ಒತ್ತಿ ನೋಡಿ ಮೂಗು ಮುರಿದರು.

“ಮಾಸ್ತರೇ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಇವಳು ನಿಮ್ಮ ಹತ್ರ ಕಲೀತಿದಾಳೋ, ನೀವು ಇವಳ ಹತ್ರ ಕಲೀತಿದೀರೋ?”

“ಎರಡೂ ನಡೀತಿದೆ.”

“ಮನೇಲಿ ದಿನಾ ನಿಮ್ಮದೇ ಮಾತು. ಸರ್‌ಗೆ ಇದು ಗೊತ್ತಿಲ್ಲ, ಸರ್‌ಗೆ ಅದು ಗೊತ್ತಿಲ್ಲ ಅಂತ.”

“ಸರಿಯಾಗೇ ಹೇಳ್ತಾಳೆ.”

ಹಾಸಿಗೆಯವರಿಗೆ ಸಮಾಧಾನವಾದ ಹಾಗೆ ಕಂಡಿತು. “ಹಂಗಾದ್ರೆ ಸರಿ. ಸುಳ್ಳು ಹೇಳ್ತಿದಾಳೇನೋ ಅಂತ ಭಯ ಇತ್ತು” ಅಂದು, ಹೈಜಂಪಿನ ಹಾಸನ್ನು ಇನ್ನೊಮ್ಮೆ ಒತ್ತಿ ಹೋದರು.

ದೊಡ್ಡ ಜಗಳ ಬಂದದ್ದು ಆಮೇಲೆ, ತೊಟ್ಟಿಯ ಲೆಕ್ಕದಿಂದ. ಅದೂ ಸಮ ಸಂಖ್ಯೆಯದ್ದೇ. ತಲೆಕೆಳಗಾದ ಶಂಕುವಿನ ಆಕಾರದ ತೊಟ್ಟಿಯೊಂದಕ್ಕೆ ಒಂದೇ ವೇಗದಲ್ಲಿ ನೀರು ಬೀಳುತ್ತಿದೆ. ತೊಟ್ಟಿ ಅರ್ಧ ತುಂಬಿದ ಹೊತ್ತಿಗೆ ನೀರಿನ ಮಟ್ಟ ಎಷ್ಟು ವೇಗವಾಗಿ ಏರುತ್ತಿರುತ್ತದೆ? ಅಂಥ ತೊಟ್ಟಿ ಯಾರು ಕಟ್ಟಿಸುತ್ತಾರೆ ಅಂತ ಪುಸ್ತಕದಲ್ಲಿ ಇರಲಿಲ್ಲ. ಬೆನ್ನಿಗೆ ಬೆನ್ನು ಮಾಡಿ ಇಬ್ಬರೂ ಬಿಡಿಸಿದರು. ಮಾಸ್ತರರ ನೀರು ಆಮೆಯ ಹಾಗೆ ಏರುತ್ತಿತ್ತು. ಯಾಕಮ್ಮನ ನೀರು ಕುದುರೆಯ ಹಾಗೆ.

“ನಿಮ್ಮದು ತಪ್ಪು ಸರ್.”

“ಎಲ್ಲಿ ತಪ್ಪು ತೋರಿಸು.”

“ತಪ್ಪು ಉತ್ತರಕ್ಕೆ ಹೋದ ದಾರಿ ನಾನ್ಯಾಕೆ ನೋಡ್ಲಿ? ಟೈಮ್ ದಂಡ.”

“ನನಗೂ ಅಷ್ಟೇ.”

ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಒಂದು ವಾರ ಒಬ್ಬರ ಹಾಳೆ ಒಬ್ಬರು ನೋಡಲಿಲ್ಲ. ಬೇರೆ ಲೆಕ್ಕಗಳನ್ನು ಮಾಡುವಾಗಲೂ ಬೇಕಾದಷ್ಟೇ ಮಾತು. ಕೊನೆಗೆ ಮಾಸ್ತರರಿಗೇ ಒಂದು ಉಪಾಯ ಹೊಳೆಯಿತು. ಮೈದಾನದಲ್ಲಿ ಗೆರೆ ಗುರುತಿಸಲು ಇಡುವ ಪ್ಲಾಸ್ಟಿಕ್ಕಿನ ಕಿತ್ತಳೆ ಶಂಕುಗಳು ಕೋಣೆಯಲ್ಲಿ ಸಾಲಾಗಿ ಇದ್ದವು. ಒಂದನ್ನು ಬೋರಲು ಹಾಕಿ, ತುದಿಯ ತೂತಕ್ಕೆ ಮೇಣ ಒತ್ತಿ, ಎರಡು ಇಟ್ಟಿಗೆಗಳ ನಡುವೆ ನೆಟ್ಟಗೆ ನಿಲ್ಲಿಸಿದರು. ಇಟ್ಟಿಗೆಗೆ ಆ ಶಾಲೆಯಲ್ಲಿ ಬರವಿರಲಿಲ್ಲ. ಒಳಗೆ ಒಂದು ಅಳತೆಪಟ್ಟಿ ಅಂಟಿಸಿದರು. ಯಾಕಮ್ಮ ನಲ್ಲಿಗೆ ಕೊಳವೆ ಹಾಕಿ ನೀರು ಬಿಟ್ಟಳು, ಮಾಸ್ತರರು ಓಟದ ಗಡಿಯಾರ ಒತ್ತಿದರು. ಇಬ್ಬರೂ ತಂತಮ್ಮ ರೀತಿಯಲ್ಲೇ ಈ ಶಂಕುವಿಗೂ ಲೆಕ್ಕ ಹಾಕಿ ಇಟ್ಟುಕೊಂಡಿದ್ದರು. ನೀರು ಏರಿತು. ಬಂದದ್ದು ಮಾಸ್ತರರ ಉತ್ತರವಲ್ಲ, ಯಾಕಮ್ಮನದ್ದೂ ಅಲ್ಲ. ನಡುವೆ ಎಲ್ಲೋ ಒಂದು ಮೂರನೆಯದು.

ಮತ್ತೊಮ್ಮೆ ಮಾಡಿದರು. ಮತ್ತದೇ ಮೂರನೆಯದು.

“ಮೇಣ ಸೋರ್ತಿದೆ” ಅಂದಳು ಯಾಕಮ್ಮ.

“ಪ್ಲಾಸ್ಟಿಕ್ ಉಬ್ಬುತ್ತೆ” ಅಂದರು ಮಾಸ್ತರರು.

ಎಷ್ಟೋ ದಿನದ ಮೇಲೆ ಇಬ್ಬರೂ ಒಪ್ಪಿಕೊಂಡ ಮಾತು ಅದೊಂದೇ: ಶಂಕುವಿನಲ್ಲಿ ದೋಷ ಇದೆ. ಅದನ್ನು ಒರೆಸಿ ಒಳಗಿಟ್ಟರು.

ಅರ್ಜಿ ಕಳಿಸುವ ಕಾಲ ಬಂತು. ಓದಿಸಿದವರು ತುಂಬಬೇಕಾದ ಪುಟವನ್ನು ಹೆಡ್ ಮೇಡಂ ತಾವೇ ಮುಂದೆ ಇಟ್ಟುಕೊಂಡು ಕೂತರು.

“ಹುದ್ದೆ ಅನ್ನೋ ಕಡೆ ಗಣಿತ ವಿಭಾಗದ ಮುಖ್ಯಸ್ಥರು ಅಂತ ಬರೀರಿ.”

“ವಿಭಾಗ ಎಲ್ಲಿದೆ ಮೇಡಂ?”

“ಮುಖ್ಯಸ್ಥರಿದ್ರೆ ವಿಭಾಗ ಇದ್ದ ಹಾಗೇ.”

“ನಾಳೆ ಯಾರಾದ್ರೂ ಬಂದು ನೋಡ್ತೀನಿ ಅಂದ್ರೆ?”

ಮೇಡಂ ಕಿಟಕಿಯಿಂದ ಆಚೆ ಜಲ್ಲಿಯ ರಾಶಿ ನೋಡಿದರು. “ಅಲ್ಲಿ ಕಟ್ತಾ ಇದೀವಿ ಅನ್ನೋಣ.”

ಮಾಸ್ತರರು ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು ‘ದೈಹಿಕ ಶಿಕ್ಷಕ’ ಅಂತಲೇ ಬರೆದರು. ವಿದ್ಯಾರ್ಥಿನಿಯ ಬಗ್ಗೆ ಅಭಿಪ್ರಾಯ ಅಂತ ಅರ್ಧ ಪುಟ ಖಾಲಿ ಇತ್ತು. ಅದರಲ್ಲಿ ಏನು ಬರೆಯುವುದು ಅಂತ ಎರಡು ದಿನ ತಲೆ ಕೆಡಿಸಿಕೊಂಡರು. ಜಾಣೆ ಅನ್ನೋಣ ಅಂದರೆ, ಜಾಣೆ ಹೌದೋ ಅಲ್ಲವೋ ಹೇಳುವಷ್ಟು ಗಣಿತ ತನಗೆಲ್ಲಿ ಗೊತ್ತು? ಕೊನೆಗೆ ತಮಗೆ ಖಾತ್ರಿಯಿದ್ದದ್ದನ್ನಷ್ಟೇ ಬರೆದರು: ‘ಈಕೆಗೆ ಸುಸ್ತಾಗುವುದಿಲ್ಲ. ತಡವಾಗಿ ಬಂದದ್ದಿಲ್ಲ. ಸೋತರೆ ಮರುದಿನ ಮತ್ತೆ ಬರುತ್ತಾಳೆ. ಬಹಳ ವಾದ ಮಾಡುತ್ತಾಳೆ.’

ಹೆಡ್ ಮೇಡಂ ಓದಿ, “ಇದು ರಿಲೇ ಓಟಕ್ಕೆ ಬರೆದ ಹಾಗಿದೆ” ಅಂದರು. ಆದರೂ ಮೊಹರು ಒತ್ತಿ ಕಳಿಸಿದರು.

ಸಂದರ್ಶನಕ್ಕೆ ಕರೆ ಬಂತು. ಯಾಕಮ್ಮ, ಅವಳ ಅಪ್ಪ, ಮಾಸ್ತರರು ಮೂವರೂ ಬೆಳಗಿನ ಬಸ್ಸು ಹಿಡಿದು ಹೋದರು. ಕಾಲೇಜಿನ ಕಾರಿಡಾರು ಅವರ ಶಾಲೆಗಿಂತ ಉದ್ದವಿತ್ತು. ಗೋಡೆಗೆ ಮೆತ್ತನೆಯ ಬೆಂಚುಗಳು, ಅದರ ಮೇಲೆ ಇಸ್ತ್ರಿ ಬಟ್ಟೆಯ ಮಕ್ಕಳು. ಪಕ್ಕದಲ್ಲಿ ಕೂತ ಹುಡುಗನೊಬ್ಬ ತಮ್ಮ ಶಾಲೆಯಲ್ಲಿ ಗಣಿತಕ್ಕೆ ನಾಲ್ಕು ಜನ ಅಧ್ಯಾಪಕರು ಅಂದ. ಯಾಕಮ್ಮ “ನಾಲ್ಕು ಜನದ ಜೊತೆ ಜಗಳ ಆಡಕ್ಕೆ ಟೈಮ್ ಸಿಗುತ್ತಾ?” ಅಂತ ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ.

ಒಳಗೆ ಹೋದವರು ಒಂದು ಸಿಗರೇಟು ಸೇದಿ ಮುಗಿಸುವಷ್ಟರಲ್ಲಿ ಹೊರಗೆ ಬರುತ್ತಿದ್ದರು. ಯಾಕಮ್ಮ ಹೋದಳು, ಬರಲಿಲ್ಲ. ಹಾಸಿಗೆಯವರು ಬೆಂಚನ್ನು ಒತ್ತಿ ನೋಡಿ, “ಒಳಗೆ ಬರೀ ಚಿಂದಿ ತುಂಬಿದಾರೆ” ಅಂತ ಗುಟ್ಟಾಗಿ ಹೇಳಿದರು. ಮಾಸ್ತರರು ಹೂಂ ಅಂದರು. ಇನ್ನೂ ಬರಲಿಲ್ಲ.

“ಒಳಗೆ ಏನು ಮಾಡ್ತಿದಾರೆ ಮಾಸ್ತರೇ?”

“ಲೆಕ್ಕ.”

“ಇಷ್ಟು ಹೊತ್ತು?”

“ನಮ್ಮ ಕ್ಲಾಸಲ್ಲೂ ಹೀಗೇ.”

ಹಾಗಂದರೂ ಮಾಸ್ತರರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಮೈದಾನದಲ್ಲಾದರೆ ಗೆರೆಯ ಪಕ್ಕದಲ್ಲಿ ನಿಂತು ಕೂಗಬಹುದಿತ್ತು. ಇಲ್ಲಿ ಬಾಗಿಲು ಮುಚ್ಚಿತ್ತು.

ಅವಳು ಹೊರಗೆ ಬಂದಾಗ ತೋಳಿನ ತನಕ ಸೀಮೆಸುಣ್ಣದ ಪುಡಿ, ಮುಖ ಬಿಗಿದಿತ್ತು. ಅಪ್ಪ ಏನಾಯಿತು ಅಂದರೆ “ಆಯ್ತು” ಅಂದಳು, ಅಷ್ಟೇ. ಬಸ್ಸು ಹತ್ತಿ, ಊರು ದಾಟಿ, ಅಪ್ಪ ನಿದ್ದೆಹೋದ ಮೇಲೆ ಹಿಂದಿನ ಸೀಟಿನ ಕಡೆ ತಿರುಗಿದಳು.

“ತೊಟ್ಟಿ ಲೆಕ್ಕ ಕೇಳಿದೆ ಸರ್.”

“ಅವರು ಕೇಳಿದ್ರಾ?”

“ಇಲ್ಲ, ನಾನೇ. ಕೊನೇಲಿ ನಿನಗೇನಾದ್ರೂ ಕೇಳೋದಿದೆಯಾ ಅಂದ್ರು. ಇದೆ ಅಂದೆ. ನನ್ನ ಉತ್ತರ ಹೇಳಿದೆ, ನಿಮ್ಮ ಉತ್ತರಾನೂ ಹೇಳಿದೆ. ಯಾರದು ಸರಿ ಹೇಳಿ ಅಂದೆ.”

ಮಾಸ್ತರರು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದರು. “ಯಾರದು?”

“ಇಬ್ಬರದೂ ತಪ್ಪಂತೆ.”

ಬಸ್ಸು ಒಂದು ತಿರುವು ತೆಗೆದುಕೊಂಡಿತು.

“ಅಲ್ಲಿ ಒಬ್ಬರು ವಯಸ್ಸಾದ ಪ್ರೊಫೆಸರಮ್ಮ ಇದ್ರು. ನಿಮ್ಮ ಮಾಸ್ತರ ಉತ್ತರ ಸರಿ ಉತ್ತರದ ಕಾಲು ಭಾಗ ಇದೆ, ಯಾಕೆ ಕಾಲು ಹೇಳು ಅಂದ್ರು. ತಕ್ಷಣ ಹೊಳೀತು. ನೀವು ವ್ಯಾಸಾನ ತ್ರಿಜ್ಯ ಅಂತ ತಗೊಂಡಿದೀರಿ ಸರ್. ಎರಡನೇ ಸಾಲಲ್ಲೇ ಕೆಟ್ಟಿರಬೇಕು.”

ಮಾಸ್ತರರು ಕಣ್ಣು ಮುಚ್ಚಿ ಎರಡನೇ ಸಾಲನ್ನು ನೆನಪಿಸಿಕೊಂಡರು. ಹೌದು. ಕೆಟ್ಟಿತ್ತು.

“ನಿನ್ನದು?”

ಯಾಕಮ್ಮ ಮುಂದಕ್ಕೆ ತಿರುಗಿ ಕೂತಳು. ಒಂದು ಸೇತುವೆ ಹೋಯಿತು, ಒಂದು ಪೆಟ್ರೋಲ್ ಬಂಕು ಹೋಯಿತು. ಅವರು ಮತ್ತೆ ಕೇಳಲಿಲ್ಲ.

“ನನ್ನದು ಮೂರು ಪಟ್ಟು ಇತ್ತು” ಅಂದಳು ಕೊನೆಗೆ, ತಿರುಗದೆ. “ಯಾಕೆ ಮೂರು ಅಂದ್ರು. ಹೇಳಕ್ಕಾಗ್ಲಿಲ್ಲ. ಬೋರ್ಡ್ ಹತ್ರ ಹೋಗು ಅಂದ್ರು. ಅಷ್ಟು ಹೊತ್ತೂ ಅದನ್ನೇ ಹುಡುಕ್ತಿದ್ದೆ. ಮೂರು ಜನಾನೂ ಕಾಯ್ತಾ ಕೂತಿದ್ರು, ಒಬ್ಬರು ಟೀ ತರಿಸ್ಕೊಂಡ್ರು. ಘಾತದಲ್ಲಿದ್ದ ಮೂರನ್ನ ಕೆಳಗಿಳಿಸಕ್ಕೆ ಮರೆತಿದ್ದೆ ಸರ್.”

“ಅದು ಮೊದಲನೇ ವಾರದ ಪಾಠ ಅಲ್ವಾ?”

“ಗೊತ್ತು ಸರ್.”

“ನಾನೇ ಹೇಳಿಕೊಟ್ಟಿದ್ದು.”

“ಗೊತ್ತು ಸರ್.”

ಮಾಸ್ತರರಿಗೆ ಒಳಗೊಳಗೇ ಎಂಥದೋ ನೆಮ್ಮದಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ಕೂತರು. ಸ್ವಲ್ಪ ದೂರ ಹೋದ ಮೇಲೆ ಇಬ್ಬರಿಗೂ ಒಟ್ಟಿಗೇ ಒಂದು ಮಾತು ಹೊಳೆಯಿತು, ಆದರೆ ಬಾಯಿ ಬಿಟ್ಟವಳು ಯಾಕಮ್ಮ.

“ಹಂಗಾದ್ರೆ ಆ ಶಂಕು ಸರಿಯಾಗೇ ಹೇಳಿತ್ತು.”

“ಎರಡು ಸಲ ಹೇಳಿತ್ತು” ಅಂದರು ಮಾಸ್ತರರು.

ಮುಂದೆ ಒಂದು ತಿಂಗಳು ಏನೂ ಸುದ್ದಿಯಿಲ್ಲ. ಆಮೇಲೆ ಒಂದು ಮಧ್ಯಾಹ್ನ ಯಾಕಮ್ಮ ಕಾಲೇಜಿನ ಪತ್ರ ಹಿಡಿದುಕೊಂಡು ಹೆಡ್ ಮೇಡಂ ಕೋಣೆಗೆ ಬಂದಳು. ಅಲ್ಲೇ ಇದ್ದ ಮಾಸ್ತರರು ಅವಳ ಮುಖ ನೋಡಿ ಸೀಟು ಸಿಕ್ಕಿಲ್ಲ ಅಂದುಕೊಂಡರು.

“ಸೇರಿಸ್ಕೊಂಡಿದಾರಾ ಇಲ್ವಾ?” ಅಂದರು ಮೇಡಂ.

“ಸೇರಿಸ್ಕೊಂಡಿದಾರೆ.”

“ಮತ್ತೆ?”

“ಅವಮಾನ ಮಾಡಿ ಸೇರಿಸ್ಕೊಂಡಿದಾರೆ.”

ವಿಷಯ ಇಷ್ಟು: ಎಲ್ಲರಿಗಿಂತ ಎರಡು ತಿಂಗಳು ಮೊದಲೇ ಹೋಗಿ ಬುನಾದಿ ತರಗತಿಯಲ್ಲಿ ಕೂರಬೇಕು, ಅದರಲ್ಲಿ ಪಾಸಾದರೆ ಮಾತ್ರ ಸೀಟು ಖಾಯಂ. ಉನ್ನತ ವಿಷಯಗಳ ಬೋಧನೆ ಇಲ್ಲದ ಶಾಲೆಗಳಿಂದ ಬಂದವರಿಗೆ ಈ ವ್ಯವಸ್ಥೆ ಅಂತಿತ್ತು. ಆ ‘ಇಲ್ಲದ’ ಅನ್ನುವ ಮಾತು ಯಾಕಮ್ಮನ ಎದೆಗೆ ನಾಟಿತ್ತು. ಹೆಡ್ ಮೇಡಂಗೂ ಕೋಪ ಬಂತು; ವಿಭಾಗದ ಮುಖ್ಯಸ್ಥರು ಅಂತ ಬರೆದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಮಾಸ್ತರರ ಕಡೆ ನೋಡಿದರು.

ಹೊರಗೆ ಬಂದು ಜಲ್ಲಿಯ ರಾಶಿಯ ಪಕ್ಕದಲ್ಲಿ ನಿಂತು ಮಾಸ್ತರರು ಹೇಳಿದರು: “ಓಟ ಶುರು ಮಾಡೋ ಗೆರೆ ನಿನಗೆ ಸ್ವಲ್ಪ ಹಿಂದೆ ಎಳೆದಿದಾರೆ, ಅಷ್ಟೇ. ಕೊನೇ ಗೆರೆ ದಾಟಿದ ಮೇಲೆ ಎಲ್ಲಿಂದ ಹೊರಟೆ ಅಂತ ಯಾರೂ ಕೇಳಲ್ಲ.”

“ನಿಜಾನಾ ಸರ್?”

ಮಾಸ್ತರರು ಯೋಚಿಸಿದರು. “ಇಲ್ಲ. ಕೇಳ್ತಾರೆ. ಆದರೂ ಓಡ್ಬೇಕು.”

ಅವಳಿಗೆ ಮೊದಲನೆಯದಕ್ಕಿಂತ ಈ ಉತ್ತರ ಹಿಡಿಸಿತು.

ಹೊರಡುವ ದಿನ ಹಾಸಿಗೆ ಅಂಗಡಿಯವರು ಮಗಳಿಗಾಗಿ ಹೊಸದಾಗಿ ಹೊಲಿದ ಹಾಸಿಗೆಯನ್ನು ಬಸ್ಸಿನ ಮೇಲೆ ಏರಿಸಿದರು. ಹಾಸ್ಟೆಲಿನಲ್ಲೇ ಹಾಸಿಗೆ ಕೊಡುತ್ತಾರೆ ಅಂತ ಎಲ್ಲರೂ ಹೇಳಿದ್ದರು. “ಅವರ ಬೆಂಚು ನೋಡಿದೀನಿ” ಅಂದರು ಅವರು. ನರ್ಸಮ್ಮ ಜ್ವರದ ಮಾತ್ರೆಯ ಪೊಟ್ಟಣ ಕೊಟ್ಟರು. ಮಾಸ್ತರರು ಆ ದಪ್ಪ ಪುಸ್ತಕ ಕೊಡಲು ಹೋದರು. ಯಾಕಮ್ಮ ಬೇಡ ಅಂದಳು. ಕೊನೆಯ ಮೂರು ಅಧ್ಯಾಯ ನೀವಿನ್ನೂ ಮುಗಿಸಿಲ್ಲ ಅಂತ ನೆನಪಿಸಿ ಬಸ್ಸು ಹತ್ತಿದಳು. ಬಸ್ಸು ಮರೆಯಾದ ಮೇಲೂ ಮಾಸ್ತರರು ಪುಸ್ತಕ ಹಿಡಿದು ನಿಂತೇ ಇದ್ದರು. ನರ್ಸಮ್ಮ ಗಂಡನ ಮುಖ ನೋಡಿ, ಈ ಸಲ ಹಣೆ ಮುಟ್ಟದೆ, “ನಡೀರಿ, ಮನೆಗೆ ಹೋಗೋಣ” ಅಂದರು.

ಎರಡು ತಿಂಗಳ ಮೇಲೆ ಒಂದು ವಾರದ ರಜೆಗೆ ಬಂದ ಯಾಕಮ್ಮ ನೆಟ್ಟಗೆ ಕ್ರೀಡಾ ಸಾಮಾನಿನ ಕೋಣೆಗೇ ಬಂದಳು. ಬುನಾದಿ ತರಗತಿಯಲ್ಲಿ ಇಪ್ಪತ್ತೆರಡು ಜನ, ಎಲ್ಲರೂ ಇಂಥದೇ ಶಾಲೆಗಳಿಂದ ಬಂದವರು ಅಂದಳು. ಒಬ್ಬನಿಗೆ ಸಂಗೀತದ ಮೇಷ್ಟ್ರು ಗಣಿತ ಹೇಳಿಕೊಟ್ಟಿದ್ದರಂತೆ. ಒಬ್ಬಳಿಗೆ ಶಾಲೆಯ ಗುಮಾಸ್ತರು. ಅವಳ ಕೋಣೆಯ ಗೆಳತಿಗೆ ಯಾರೂ ಇರಲಿಲ್ಲ. ಅವಳು ಪುಸ್ತಕವನ್ನು ತನ್ನ ಅಜ್ಜಿಗೆ ಜೋರಾಗಿ ಓದಿ ಹೇಳುತ್ತಿದ್ದಳಂತೆ, ಅಜ್ಜಿ ತಲೆ ತೂಗುತ್ತಿದ್ದರಂತೆ.

“ಸಂಗೀತದ ಮೇಷ್ಟ್ರ ಹುಡುಗ ಹೇಗಿದಾನೆ?” ಅಂತ ಕೇಳಿದರು ಮಾಸ್ತರರು. ಬೇಕೆಂದೇ ಸಹಜವಾಗಿ ಕೇಳಿದ ಹಾಗೆ ಕೇಳಿದರು.

“ನಮಗಿಂತ ಬಹಳ ವೀಕು ಸರ್.”

ಮಾಸ್ತರರು ಒಂದು ಚೆಂಡು ಎತ್ತಿಕೊಂಡು ಗಾಳಿ ಸರಿಯಿದೆಯೋ ಅಂತ ಒತ್ತಿ ನೋಡಿದರು.

“ಅಜ್ಜಿ ಹತ್ರ ಓದಿದವಳು?”

“ಅವಳೇ ಎಲ್ಲರಿಗಿಂತ ಮೊದಲು.” ಯಾಕಮ್ಮ ಬೆಂಚಿನ ಮೇಲೆ ಕೂತಳು. “ನಾನು ಒಂಬತ್ತನೆಯವಳು. ಪಾಸು. ಸೀಟು ಖಾಯಂ.”

ಮಾರನೆಯ ದಿನ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಹೆಡ್ ಮೇಡಂ ಮೈಕು ಹಿಡಿದು, ನಮ್ಮ ಶಾಲೆಯ ವಿದ್ಯಾರ್ಥಿನಿ ಮೊದಲ ಒಂಬತ್ತು ಜನರಲ್ಲಿ ಒಬ್ಬಳು ಅಂತ ಘೋಷಿಸಿದರು. ಎಷ್ಟು ಜನರಲ್ಲಿ ಅಂತ ಅವರು ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ತಿಂಗಳು ಯಾರೋ ಲಾರಿ ತಂದು ಮೈದಾನದ ಜಲ್ಲಿ, ಇಟ್ಟಿಗೆಯನ್ನೆಲ್ಲ ಬೇರೆ ಶಾಲೆಗೆ ಸಾಗಿಸಿದರು. ಅಲ್ಲಿ ಪ್ರಯೋಗಾಲಯ ಕಟ್ಟುತ್ತಾರಂತೆ. ಹೆಡ್ ಮೇಡಂ ಮಾಸ್ತರರನ್ನು ಕರೆಸಿದರು.

“ಮೈದಾನ ಖಾಲಿ ಆಯ್ತಲ್ಲ. ಇನ್ನು ನೀವು ಗಣಿತ ಬಿಡಬಹುದು. ಈ ವರ್ಷ ಐದು ಜನ ಹೆಸರು ಕೊಟ್ಟಿದಾರೆ, ನಾನೇ ಏನೋ ಒಂದು ಹೇಳಿ ಕಳಿಸ್ತೀನಿ.”

ಮಾಸ್ತರರು ಇಷ್ಟು ದಿನ ಕಾದಿದ್ದ ಮಾತು ಅದು. ಬಾಯಿ ತೆರೆದಾಗ ಬಂದದ್ದು ಬೇರೆ.

“ಮೂರು ಅಧ್ಯಾಯ ಬಾಕಿ ಇದೆ ಮೇಡಂ.”

“ಅದಕ್ಕೇನೀಗ?”

“ಒಬ್ಬನೇ ಓದಿದ್ರೆ ಆಗ್ತಿಲ್ಲ. ಜಗಳ ಆಡಕ್ಕೆ ಯಾರಾದ್ರೂ ಬೇಕು.”

ಮೇಡಂ “ನೋಡೋಣ” ಅಂದರು. ಮಾಸ್ತರರು ಹೋಗಲಿಲ್ಲ, ಅಲ್ಲೇ ನಿಂತರು. ಮೇಡಂ ಎದ್ದು ಗೋಡೆಯ ವೇಳಾಪಟ್ಟಿಯಲ್ಲಿ ಅವರ ಸಾಲಿನ ಕೊನೆಯ ಮನೆಯಲ್ಲಿ ಗಣಿತ ಅಂತ ಬರೆದರು. ಉಳಿದ ಮನೆಗಳಲ್ಲೆಲ್ಲ ಡ್ರಿಲ್ ಇತ್ತು.

ಮಾಸ್ತರರು ಮೈದಾನಕ್ಕೆ ಹೋಗಿ ಸುಣ್ಣದ ಗೆರೆ ಎಳೆದು, ಇಡೀ ದಿನ ತರಗತಿ ತರಗತಿಯನ್ನೇ ಓಡಿಸಿದರು. ಕೊನೆಯ ಗಂಟೆ ಹೊಡೆದಾಗ ಗಣಿತದ ಐದು ಜನ ಕೆಂಪು ಮುಖ ಮಾಡಿಕೊಂಡು, ಏದುಸಿರು ಬಿಡುತ್ತ ಕೋಣೆಯ ಬಾಗಿಲಿಗೆ ಬಂದರು. ಅವರಿಗೆ ಉಸಿರು ಇಳಿಯಲಿ ಅಂತ ಮಾಸ್ತರರು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಹಲಗೆ ಒರೆಸಿದರು.